ಹೆಸರು ಮಾಡಿದ್ದೆಲ್ಲ ಕೆಟ್ಟದ್ದಾ ಸ್ವಾಮಿ?

ಹೆವಿ ಮೆಟಲ್ ಕೇಳೋರಲ್ಲಿ ಒಂದು ವಿಚಿತ್ರ ಜಾತಿಪದ್ಧತಿ ಇದೆ. ಎಲ್ಲರೂ ಕೇಳೋ ಬ್ಯಾಂಡು ಕೀಳು, ನಾಲ್ಕೇ ಜನ ಕೇಳಿರೋ ಬ್ಯಾಂಡು ಮೇಲು. ಮೆಟಾಲಿಕಾ ಇಷ್ಟ ಅಂದ್ರೆ ಸಾಕು, "ಓ, ನೀನು ಅಷ್ಟೇನಾ?" ಅನ್ನೋ ಮುಖ ಮಾಡ್ತಾರೆ. ಎದುರು ಪಕ್ಷದವರೂ ಏನು ಕಮ್ಮಿಯಿಲ್ಲ. "ಇಷ್ಟು ಕೋಟಿ ಜನ ಕೊಂಡಿದ್ದಾರೆ, ಅವರೆಲ್ಲ ದಡ್ಡರಾ?" ಅಂತಾರೆ. ನನಗೆ ಇಬ್ಬರ ಮೇಲೂ ತಕರಾರಿದೆ.

2022ರಲ್ಲಿ ಏನಾಯ್ತು ನೋಡಿ. 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯ ನಾಲ್ಕನೇ ಸೀಸನ್ನಿನ ಕೊನೆಗೆ ಒಬ್ಬ ಹುಡುಗ ಗಿಟಾರ್ ಹಿಡಿದು 'ಮಾಸ್ಟರ್ ಆಫ್ ಪಪೆಟ್ಸ್' ನುಡಿಸಿದ. 1986ರ ಹಾಡು, 36 ವರ್ಷ ಆದ ಮೇಲೆ ಮೊದಲ ಸಲ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಹತ್ತಿತು. ಸಂತೋಷಪಡೋದು ಬಿಟ್ಟು ಕೆಲವು ಹಳೇ ಅಭಿಮಾನಿಗಳು ಗೊಣಗೋಕೆ ಶುರು ಮಾಡಿದ್ರು. ಎಲ್ಲರೂ ಬನ್ನಿ ಅಂತ ಕರೆದದ್ದು ಸ್ವತಃ ಮೆಟಾಲಿಕಾದವರೇ! ಆ ಎಂಟೂವರೆ ನಿಮಿಷದ ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ನಿನ್ನೆ ಶ್ರೇಷ್ಠವಾಗಿದ್ದದ್ದು ಪಕ್ಕದ ಮನೆ ಹುಡುಗಿ ಕೇಳಿದ ತಕ್ಷಣ ಅಗ್ಗವಾಗತ್ತಾ?

ಇನ್ನು 1991ರ 'ಬ್ಲ್ಯಾಕ್ ಆಲ್ಬಮ್'. ನಿರ್ಮಾಪಕ ಬಾಬ್ ರಾಕ್ ಬಂದ, ಹಾಡುಗಳು ಚಿಕ್ಕವಾದವು, ವೇಗ ಇಳಿಯಿತು. ಅಮೆರಿಕ ಒಂದರಲ್ಲೇ 1.6 ಕೋಟಿಗಿಂತ ಹೆಚ್ಚು ಪ್ರತಿ ಖರ್ಚಾದವು. "ಮಾರಿಕೊಂಡರು" ಅನ್ನೋ ಬೈಗುಳ ಆವತ್ತಿನಿಂದ ಇವತ್ತಿನವರೆಗೂ ನಿಂತಿಲ್ಲ. ಆದರೆ ಅದಕ್ಕಿಂತ ಹಿಂದಿನ, 1988ರ ಆಲ್ಬಮ್ಮಿನಲ್ಲಿ ಜೇಸನ್ ನ್ಯೂಸ್ಟೆಡ್‌ನ ಬೇಸ್ ಹುಡುಕಿದರೂ ಕೇಳಿಸಲ್ಲ. ಬ್ಲ್ಯಾಕ್ ಆಲ್ಬಮ್ಮಿನಲ್ಲಿ ಪ್ರತಿ ವಾದ್ಯವೂ ಎದೆಗೆ ಬಡಿಯತ್ತೆ. ಹೆಣಿಗೆ ಸರಳವಾಯ್ತು, ನಾದ ಬೆಳೀತು. ಎರಡೂ ನಿಜ. ಇದನ್ನು ಹೇಳೋಕೆ ಮಾರಾಟದ ಲೆಕ್ಕ ಬೇಕಿಲ್ಲ, ಕಿವಿ ಬೇಕು.

ಅದೇ 1991ರಲ್ಲಿ ಫ್ಲಾರಿಡಾದ ಡೆತ್ ಬ್ಯಾಂಡಿನ 'ಹ್ಯೂಮನ್' ಬಂತು. ನನ್ನ ಮಟ್ಟಿಗೆ ಅದು ಬ್ಲ್ಯಾಕ್ ಆಲ್ಬಮ್ಮಿಗಿಂತ ಒಂದು ಕೈ ಮೇಲು. ಕಮ್ಮಿ ಜನ ಕೇಳಿದರು ಅಂತಲ್ಲ. ಶಾನ್ ರೈನರ್ಟ್‌ನ ಡ್ರಮ್ಸ್ ಮತ್ತು ಚಕ್ ಶುಲ್ಡಿನರ್‌ನ ರಿಫ್‌ಗಳು ಹತ್ತು ಸಲ ಕೇಳಿದರೂ ಇನ್ನೇನೋ ಉಳಿಸಿಕೊಂಡಿರುತ್ತವೆ, ಅದಕ್ಕೆ.

ಮಾರಾಟವೇ ಸರ್ಟಿಫಿಕೇಟು ಅನ್ನೋರಿಗೆ ಒಂದು ಮಾತು. ಮೆಟಾಲಿಕಾದ 2003ರ 'ಸೇಂಟ್ ಆಂಗರ್' ಅಮೆರಿಕದಲ್ಲಿ ಮೊದಲನೇ ಸ್ಥಾನಕ್ಕೇ ಬಂದಿಳಿಯಿತು. ಎಣ್ಣೆ ಡಬ್ಬ ಬಡಿದಂಥ ಆ ಡ್ರಮ್ಮಿನ ಸದ್ದನ್ನು ಪೂರ್ತಿ ಕೇಳಿ, ಆಮೇಲೆ ಮಾತಾಡೋಣ :-)

ಹಾಗಂತ ಜನ ಯಾವಾಗಲೂ ತಪ್ಪೂ ಅಲ್ಲ. 1970ರಲ್ಲಿ ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಮ್ಮನ್ನು 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕ ತಳ್ಳಿಹಾಕಿದ. ಇಂಗ್ಲೆಂಡಿನ ಜನ ಕೊಂಡು ಮೊದಲ ಹತ್ತರೊಳಗೆ ತಂದರು. ಗೆದ್ದದ್ದು ಯಾರು?

"ನಮ್ಮ ಬ್ಯಾಂಡು ನಮ್ಮಷ್ಟಕ್ಕೇ ಇರಲಿ" ಅನ್ನೋರ ಮೇಲೆ ನನಗೆ ನಿಜವಾಗಿ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಚಕ್ ಶುಲ್ಡಿನರ್ ಮೆದುಳಿನ ಗಡ್ಡೆಯಿಂದ 2001ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಬರೀ 34 ವರ್ಷ. ಒಂದಿಡೀ ಪ್ರಕಾರಕ್ಕೆ ದಾರಿ ಹಾಕಿದ ಮನುಷ್ಯನ ಚಿಕಿತ್ಸೆಗೆ ಕಛೇರಿ ನಡೆಸಿ ಹಣ ಕೂಡಿಸಬೇಕಾಯ್ತು. ಬ್ಯಾಂಡು ಹೆಸರು ಮಾಡಬಾರದು ಅಂತ ಬಯಸೋದು ಅಂದ್ರೆ ಕಲಾವಿದ ಬಡವನಾಗೇ ಇರಲಿ ಅಂತ ಬಯಸಿದ ಹಾಗೆ. ಇದಕ್ಕೆ ಅಭಿಮಾನ ಅಂತ ಹೆಸರಿಡಬೇಡಿ.

ನಮ್ಮ ಬೆಂಗಳೂರನ್ನೇ ತಗೊಳ್ಳಿ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂದಾಗ ಅರಮನೆ ಮೈದಾನ ತುಂಬಿ ತುಳುಕಿತು. 1998ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಕ್ರಿಪ್ಟೋಸ್, ಜರ್ಮನಿಯ ವಾಕನ್ ಉತ್ಸವದವರೆಗೂ ಹೋಗಿ ನುಡಿಸಿ ಬಂದಿದೆ. ಅವತ್ತು ಮೈದಾನದಲ್ಲಿ ಕಿರುಚಿದವರಲ್ಲಿ ಎಷ್ಟು ಜನ ಇವರಿಗೆ ಟಿಕೆಟ್ ಕೊಂಡಿದ್ದಾರೆ? ಅತ್ಲಾಗೆ, ಮೇಡನ್ನಿನಂಥವರು ಹೆಸರು ಮಾಡದೇ ಹೋಗಿದ್ದರೆ ಇಲ್ಲಿನ ಹುಡುಗರ ಕೈಗೆ ಗಿಟಾರ್ ಬರ್ತಿತ್ತಾ? ದೊಡ್ಡ ಬ್ಯಾಂಡು ಬಾಗಿಲು. ಬಾಗಿಲಲ್ಲೇ ನಿಂತವರಿಗೆ ಒಳಗಿನದು ಕಾಣಲ್ಲ, ಬಾಗಿಲು ಹಾಕಿಕೊಂಡು ಕೂತವರ ಮನೆಗೆ ಯಾರೂ ಬರಲ್ಲ.

ಹಾಗಾಗಿ, ಎಷ್ಟು ಜನ ಕೇಳ್ತಾರೆ ಅಂತ ಎಣಿಸೋದು ಬಿಡಿ. ಹೊಸಬ ಮೆಟಾಲಿಕಾ ಟೀ ಶರ್ಟ್ ಹಾಕ್ಕೊಂಡು ಬಂದರೆ "ಮೂರು ಹಾಡು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ, 'ಹ್ಯೂಮನ್' ಕೇಳಿಸಿ.

ಬೈಯೋದಿದ್ದರೆ ಕಾಮೆಂಟಿನಲ್ಲಿ ಬೈಯಿರಿ. ಆದರೆ ಎರಡೂ ಆಲ್ಬಮ್ ಕೇಳಿ ಬೈಯಿರಿ, ಮಾರಾಯ್ರೇ!