ವರ್ಷಕ್ಕೊಂದು ದಿನ ದೇಹದ ಲೆಕ್ಕ ನೋಡೋಣ

ನೆಲಮಂಗಲದ ಕಡೆಯ ನಮ್ಮ ಬಂಧುವೊಬ್ಬರು ಹರಕೆ ತೀರಿಸಲು ಶಿವಗಂಗೆ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಇಳಿದರು. ಅಂಗಾಲಿಗೆ ಗಾಯವಾದದ್ದು ಅವರಿಗೆ ತಿಳಿಯಲೇ ಇಲ್ಲ. ಮೂರನೆಯ ದಿನ ಚಾಪೆಯ ಮೇಲೆ ಕೀವಿನ ಕಲೆ ಕಂಡದ್ದು ಅವರ ಸೊಸೆಗೆ. ಎರಡು ತಿಂಗಳಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಹನ್ನೊಂದು ವರ್ಷ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ ಅವರು. ಆದರೆ ಆ ಹನ್ನೊಂದು ವರ್ಷಗಳಲ್ಲಿ ಯಾರೂ ಒಮ್ಮೆಯೂ ಅವರ ಪಾದ ಮುಟ್ಟಿ ನೋಡಿರಲಿಲ್ಲ. ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗುವುದು, ಅದೇ ಮಾತ್ರೆ ತರುವುದು. ಇದನ್ನೇ ಚಿಕಿತ್ಸೆ ಎಂದು ಮನೆಯವರೆಲ್ಲ ನಂಬಿದ್ದೆವು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವು ಸದ್ದಿಲ್ಲದೆ ತಿನ್ನುವ ಕಾಯಿಲೆಗಳು. ಕಣ್ಣಿನ ಪರದೆ ಹಾಳಾಗತೊಡಗಿದರೂ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಮೂತ್ರಪಿಂಡ ಸೋಲುತ್ತಿದ್ದರೂ ನೋವು ಕಾಣುವುದಿಲ್ಲ. ಪಾದದ ಸ್ಪರ್ಶ ಹೋದರೆ, ಹೋಯಿತೆಂಬುದೂ ತಿಳಿಯುವುದಿಲ್ಲ. ಆದ್ದರಿಂದಲೇ ತೊಂದರೆ ಇರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಆಗಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಕೊಬ್ಬು, ಕಣ್ಣಿನ ಪರದೆ, ಪಾದ, ಬಿಪಿ, ತೂಕ. ಜೊತೆಗೆ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದೆ ಇಡಬೇಕು. ಮೂತ್ರಪಿಂಡದ ಶಕ್ತಿ ಕುಂದಿದರೆ ಹಳೆಯ ಪ್ರಮಾಣ ಹೆಚ್ಚಾಗಬಹುದು. ಮಂಡಿನೋವಿಗೆಂದು ಕೇಳದೆ ನುಂಗುವ ಮಾತ್ರೆಯೇ ಮೂತ್ರಪಿಂಡಕ್ಕೆ ಮುಳುವಾಗಬಹುದು.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ತಪಾಸಣೆ ಇದೆ, ಮಾತ್ರೆಯೂ ಇದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ಬಿಪಿ, ಸಕ್ಕರೆ ನೋಡುವ ವ್ಯವಸ್ಥೆ. ಇವು ಕಾಯಿಲೆಯನ್ನು ಪತ್ತೆ ಹಚ್ಚುತ್ತವೆ. ಪತ್ತೆಯಾದವರನ್ನು ಹೆಸರು ಹಿಡಿದು ವರ್ಷ ವರ್ಷ ಕರೆಯುವವರು ಯಾರು? ಬ್ರಿಟನ್ನಿನಲ್ಲಿ ಊರಿನ ವೈದ್ಯರೇ ಪಟ್ಟಿ ಇಟ್ಟುಕೊಂಡು ಇಂಥ ರೋಗಿಗಳನ್ನು ಪ್ರತಿ ವರ್ಷ ಕರೆಸುತ್ತಾರೆ. ಅನೇಕ ಕಡೆ ರೋಗಿ ಹುಟ್ಟಿದ ತಿಂಗಳಲ್ಲೇ ಕರೆ ಹೋಗುತ್ತದೆ. ನಮ್ಮಲ್ಲಿ ಆ ಕರೆ ಮಠದಿಂದ ಏಕೆ ಹೋಗಬಾರದು?

ಶ್ರಾವಣದ ಪ್ರವಚನಕ್ಕೆ ಊರೂರಿನ ಭಕ್ತರು ಸೇರುತ್ತಾರೆ. ಆ ತಿಂಗಳ ಒಂದು ದಿನವನ್ನು ತಪಾಸಣೆಗೆ ಮೀಸಲಿಡಲಿ. ಆರೋಗ್ಯ ಕೇಂದ್ರದವರನ್ನೂ ಆಶಾ ಕಾರ್ಯಕರ್ತೆಯರನ್ನೂ ಕರೆಸಲಿ. ಬಂದವರ ಹೆಸರು ಬರೆದಿಟ್ಟು, ಮುಂದಿನ ಶ್ರಾವಣಕ್ಕೆ ಬಾರದವರ ಮನೆಗೆ ಹೇಳಿ ಕಳುಹಿಸಲಿ. ಒಮ್ಮೆ ಶಿಬಿರ ಮಾಡಿ, ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು ಮರೆತರೆ ಫಲವಿಲ್ಲ. ಆ ಹೆಸರಿನ ಪುಸ್ತಕವೇ ಇದರ ಜೀವ.

ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರರೊಬ್ಬರಿಗೆ ಇದನ್ನು ಹೇಳಿದಾಗ, “ಕಾಯಕ ಬಿಟ್ಟು ಆಸ್ಪತ್ರೆಯಲ್ಲಿ ಕೂತರೆ ಕೂಲಿ ಯಾರು ಕೊಡ್ತಾರೆ ಸ್ವಾಮಿ?” ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ತಪಾಸಣೆ ರಜೆಯ ದಿನ, ಊರಿನ ಹತ್ತಿರವೇ ನಡೆಯಬೇಕು. ಆದರೆ ವರ್ಷದ ಒಂದು ಕೂಲಿ ಉಳಿಸಲು ಹೋಗಿ ಕಾಲು ಕಳೆದುಕೊಂಡರೆ ಕಾಯಕವೇ ನಿಲ್ಲುತ್ತದೆ. ಮನೆಯ ಹೆಣ್ಣುಮಕ್ಕಳಂತೂ ತಮ್ಮ ಸರದಿಯನ್ನು ಕೊನೆಗೇ ಇಡುತ್ತಾರೆ. ಅವರನ್ನು ಮೊದಲು ಕರೆಯಬೇಕು.

ಮಠಗಳೂ ಸ್ವಲ್ಪ ಬದಲಾಗಬೇಕು. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಸಕ್ಕರೆ ಕಾಯಿಲೆಯವರನ್ನು ಬರಿಗಾಲಲ್ಲಿ ನಡೆಸಬಾರದು. ದಾಸೋಹದ ಪಂಕ್ತಿಯಲ್ಲಿ “ಪಾಯಸ ಬೇಡ” ಎಂದವರನ್ನು ಒತ್ತಾಯಿಸಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶಿವರಾತ್ರಿ ಉಪವಾಸ ಮಾಡಬಾರದೆಂದು ಗುರುಗಳೇ ಹೇಳಲಿ. ಗುರುಗಳ ಬಾಯಿಂದ ಬಂದ ಮಾತನ್ನು ಜನ ಕೇಳುತ್ತಾರೆ.

ದೇಹವನ್ನೇ ಗುಡಿಯೆಂದು ಕಂಡವರು ಬಸವಣ್ಣನವರು. ಶರಣರ ನಡುವೆ ವೈದ್ಯ ಸಂಗಣ್ಣನೂ ಇದ್ದ. ರೋಗ ನೋಡುವುದೇ ಅವನ ಕಾಯಕವಾಗಿತ್ತು. ಇಷ್ಟಲಿಂಗವನ್ನು ಹಿಡಿದು ನೋಡುವ ಕೈ, ಕಣ್ಣು ಎರಡೂ ಕ್ಷೇಮವಾಗಿರಬೇಕಲ್ಲವೇ? ಈ ಶ್ರಾವಣಕ್ಕೆ ನಿಮ್ಮ ಊರಿನ ಮಠದಲ್ಲಿ ಒಂದು ಪುಸ್ತಕ ತೆರೆಯಿರಿ. ಮೊದಲ ಹೆಸರು ನಿಮ್ಮದೇ ಆಗಲಿ.