ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ

ಚಿಂಚಲಿ ಹಾಗೂ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲ್ಲೂಕುಗಳ ರೈತ ಕುಟುಂಬಗಳಿಗಾಗಿ

ಕ್ರೆಡಿಟ್ ಕಾರ್ಡ್ ಎಂದರೆ ಬ್ಯಾಂಕು ಕೊಡುವ ಕೈಗಡ. ಬಿಲ್ಲಿನ ಕೊನೆಯ ದಿನದೊಳಗೆ ಪೂರ್ತಿ ಹಣ ಕಟ್ಟಿದರೆ ಖರೀದಿಗೆ ಬಡ್ಡಿಯಿಲ್ಲ. ಒಂದು ರೂಪಾಯಿ ಬಾಕಿ ಉಳಿದರೂ ಲೆಕ್ಕ ಬದಲಾಗುತ್ತದೆ: ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಆದ್ದರಿಂದ ತಿಂಗಳು ತಿಂಗಳು ಆದಾಯ ಬರುವ ಮನೆಗೆ ಮಾತ್ರ ಈ ಕಾರ್ಡು ಹೊಂದುತ್ತದೆ. ಬೆಳೆಯ ಹಣವನ್ನೇ ನಂಬಿದ ಮನೆ ಅದನ್ನು ದೂರ ಇಡುವುದು ಒಳ್ಳೆಯದು.

ಈ ಭಾಗದ ಆದಾಯದ ಬಗೆ

ಕೃಷ್ಣಾ ಕೊಳ್ಳದ ಈ ಐದು ತಾಲ್ಲೂಕುಗಳಲ್ಲಿ ಕಬ್ಬೇ ಮುಖ್ಯ ಬೆಳೆ. ನಾಟಿಯಿಂದ ಕಟಾವಿಗೆ ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಬೇಕು. ಕಬ್ಬು ಪಡೆದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು (ನಿಯಂತ್ರಣ) ಆದೇಶ ಹೇಳುತ್ತದೆ. ಆದರೂ ಬಿಲ್ಲು ಯಾವಾಗ ಬಂದೀತು, ದರ ಎಷ್ಟು ಸಿಕ್ಕೀತು ಎಂಬುದು ಖಚಿತವಲ್ಲ. ದರಕ್ಕಾಗಿಯೇ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಧರಣಿ ಕೂರಬೇಕಾಯಿತು. ಕಾರ್ಡಿನ ಬಿಲ್ಲು ಇದಾವುದಕ್ಕೂ ಕಾಯುವುದಿಲ್ಲ. ಕಾರ್ಖಾನೆ ತಡ ಮಾಡಿದರೆ ರೈತನಿಗೆ ಸಿಗಬೇಕಾದ ಬಡ್ಡಿ ಶೇ 15. ರೈತ ತಡ ಮಾಡಿದರೆ ಕಾರ್ಡು ವಸೂಲು ಮಾಡುವ ಬಡ್ಡಿ ಹೆಚ್ಚುಕಡಿಮೆ ಶೇ 42.

ಇಪ್ಪತ್ತು ಸಾವಿರದ ಲೆಕ್ಕ

ಭಾರತ ಹುಣ್ಣಿಮೆಗೆ ನಡೆಯುವ ಚಿಂಚಲಿ ಮಾಯಕ್ಕದೇವಿಯ ಜಾತ್ರೆಗೆ ಒಂದು ಮನೆ ಬಟ್ಟೆಬರೆ, ಕಿರಾಣಿ, ಬೀಗರ ಊಟೋಪಚಾರಕ್ಕೆಂದು ಕಾರ್ಡಿನಲ್ಲಿ 20,000 ರೂಪಾಯಿ ಖರ್ಚು ಮಾಡಿತು ಎಂದಿಟ್ಟುಕೊಳ್ಳಬಹುದು. ಪೂರ್ತಿ ಕಟ್ಟಲಾಗದೆ ತಿಂಗಳಿಗೆ 1,000 ರೂಪಾಯಿಯಂತೆ ಕಟ್ಟತೊಡಗಿತು. ತಿಂಗಳಿಗೆ ಶೇ 3.5ರಂತೆ ಬಡ್ಡಿ 700 ರೂಪಾಯಿ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 126 ರೂಪಾಯಿ, ಒಟ್ಟು 826. ಕಟ್ಟಿದ ಸಾವಿರದಲ್ಲಿ ಅಸಲಿಗೆ ಹೋದದ್ದು 174 ರೂಪಾಯಿ. ಮತ್ತೆ ಒಂದು ಪೈಸೆಯನ್ನೂ ಕಾರ್ಡಿನಲ್ಲಿ ಖರ್ಚು ಮಾಡದಿದ್ದರೂ ಈ ಸಾಲ ತೀರಲು ಮೂರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಕಟ್ಟಿದ ಮೊತ್ತ 43,000 ರೂಪಾಯಿ ದಾಟುತ್ತದೆ. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ಅಚ್ಚಾಗಿರುವ ಸಣ್ಣ ಮೊತ್ತ ತಡಪಾವತಿ ದಂಡವನ್ನು ತಪ್ಪಿಸುತ್ತದೆಯೇ ಹೊರತು ಬಡ್ಡಿಯನ್ನಲ್ಲ.

ಬೆಳೆಗೆ ಬೇರೆ ಕಾರ್ಡಿದೆ

1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಹೆಸರಿನಲ್ಲಿ ಮಾತ್ರ ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ನೆಂಟ. ಬೆಳೆಯ ಅವಧಿ ನೋಡಿ ಅದರ ಮರುಪಾವತಿ ನಿಗದಿಯಾಗುತ್ತದೆ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7. ಸಕಾಲದಲ್ಲಿ ಕಟ್ಟಿದರೆ ಶೇ 4. ಅಂದರೆ 20,000 ರೂಪಾಯಿಗೆ ವರ್ಷವಿಡೀ 800 ರೂಪಾಯಿ, ಮೇಲಿನ ಕಾರ್ಡಿನ ಒಂದೇ ತಿಂಗಳ ಹೊರೆಗಿಂತ ಕಡಿಮೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ (ಪಿಕೆಪಿಎಸ್) ಮೂಲಕ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರಲ್ಲಿ 5 ಲಕ್ಷಕ್ಕೆ ಏರಿಸಿತು. ಇಲ್ಲಿಯೂ ಗಡುವಿನೊಳಗೆ ಕಟ್ಟಿದವರಿಗಷ್ಟೇ ಲಾಭ. ಬೀಜ, ಗೊಬ್ಬರ, ಕೂಲಿಗೆ ಈ ಸಾಲವಿರುವಾಗ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಉಜ್ಜುವುದು ನಷ್ಟ.

ಕಾರ್ಡು ಇರುವವರು ಪಾಲಿಸಬೇಕಾದ್ದು

1. ತಿಂಗಳ ಸಂಬಳ ಅಥವಾ ಡೇರಿಯ ಹಾಲಿನ ಬಟವಾಡೆಯಿಂದ ತೀರಿಸಬಹುದಾದಷ್ಟೇ ಖರ್ಚು. ಬರಲಿರುವ ಕಬ್ಬಿನ ಬಿಲ್ಲು ಲೆಕ್ಕಕ್ಕಿಲ್ಲ.

2. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು ಬೇಡ. ಅದಕ್ಕೆ ಶುಲ್ಕವೂ ಉಂಟು, ಮೊದಲ ದಿನದಿಂದಲೇ ಬಡ್ಡಿಯೂ ಉಂಟು.

3. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡುವಾಗ ಹಣ ಹೋಗುವುದು ಉಳಿತಾಯ ಖಾತೆಯಿಂದಲೋ ಸಾಲದಿಂದಲೋ ಎಂದು ನೋಡಿಯೇ ಪಿನ್ ಒತ್ತಬೇಕು.

4. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು, ಅದರ ಬಾಕಿಗೆ ಸಂಘದ ಸಾಲ ಎಂಬ ಸರಪಳಿಗೆ ಕೈ ಹಾಕಬಾರದು.

ಈಗಾಗಲೇ ಸಾಲವಾಗಿದ್ದರೆ

ಮೊದಲು ಕಾರ್ಡಿನ ಬಳಕೆ ನಿಲ್ಲಬೇಕು. ಮನೆಯ ಸಾಲಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಬೇಕು. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಪಡೆದ ಸಾಲದ ಬಡ್ಡಿಯೂ ಕಾರ್ಡಿನ ಬಡ್ಡಿಗಿಂತ ಬಹಳ ಕಡಿಮೆ. ಆದರೆ ಕಾರ್ಡಿನ ಬಾಕಿ ತೀರಿಸಿದ ಮೇಲೆ ಕಾರ್ಡನ್ನೇ ಮುಚ್ಚಿಸಿದರೆ ಮಾತ್ರ ಈ ದಾರಿ ಸರಿ. ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಂತುಗಳಾಗಿ ಮಾಡಿಸಿಕೊಳ್ಳಲೂ ಕೇಳಬಹುದು. ಫೋನ್ ಎತ್ತದೆ ಕೂತರೆ ಬಡ್ಡಿ ನಿಲ್ಲದು.

ಗ್ರಾಹಕರ ಹಕ್ಕುಗಳು

ರಿಸರ್ವ್ ಬ್ಯಾಂಕಿನ ನಿಯಮಗಳಂತೆ, ಕೇಳದವರಿಗೆ ಕಾರ್ಡು ಕೊಡುವಂತಿಲ್ಲ. ಬಾಕಿ ತೀರಿಸಿದ ಗ್ರಾಹಕರು ಕೋರಿದರೆ ಏಳು ಕೆಲಸದ ದಿನಗಳಲ್ಲಿ ಕಾರ್ಡು ಮುಚ್ಚಬೇಕು. ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕು ಗ್ರಾಹಕರಿಗೆ ಕೊಡಬೇಕು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತೆಯೂ ಅವಮಾನಿಸುವಂತೆಯೂ ಇಲ್ಲ. ದೂರನ್ನು ಮೊದಲು ಬ್ಯಾಂಕಿಗೆ ಬರಹದಲ್ಲಿ ಕೊಡಬೇಕು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಮಾಹಿತಿಗೆ 14448. ಕಾರ್ಡಿನಿಂದ ಯಾರಾದರೂ ಹಣ ಲಪಟಾಯಿಸಿದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.