ಳ ಎಲ್ಲಿ ಕೂರಬೇಕು?

ಹಾಲು, ಹಾವು, ಹಾಳು. ನಿಘಂಟಿನಲ್ಲಿ ಈ ಮೂರೂ ಇದೇ ಕ್ರಮದಲ್ಲಿ ಸಿಗುತ್ತವೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ ತಾನೇ? ಇವನ್ನೇ ಪೈಥಾನಿನ ಸಾದಾ ಸಾರ್ಟ್‌ಗೆ ಕೊಟ್ಟು ನೋಡಿ: ಹಾಲು, ಹಾಳು, ಹಾವು ಅಂತ ಬರುತ್ತದೆ. ಯುನಿಕೋಡ್‌ನಲ್ಲಿ ಲ 3250, ಳ 3251, ವ 3253. ಪ್ರೋಗ್ರಾಂ ನೋಡುವುದು ಆ ಸಂಖ್ಯೆಯನ್ನೇ.

ಈ ಜೋಡಣೆ ಇಸ್ಕಿ ಎಂಬ ಭಾರತೀಯ ಸಂಕೇತ ಪಟ್ಟಿಯಿಂದ ಬಂದದ್ದು. ನಮ್ಮ ಲಿಪಿಗಳಿಗೆಲ್ಲ ಒಂದೇ ಪಟ್ಟಿ, ಹಾಗಾಗಿ ಲ ಪಕ್ಕದಲ್ಲೇ ಳ. ನೆರೆಯ ಮರಾಠಿ, ತೆಲುಗು, ಮಲಯಾಳದ ಮಕ್ಕಳೂ ಹ ಆದ ಮೇಲೆಯೇ ಳ ಕಲಿಯುವುದು. ತಮಿಳಿನಲ್ಲೂ ಅದು ವ ದಾಟಿದ ಮೇಲೆಯೇ. ಎಲ್ಲರದ್ದೂ ಇದೇ ಪಾಡು. ಪಟ್ಟಿಯನ್ನು ನಾನು ದೂರಲಾರೆ. ಸಂಖ್ಯೆ ಅಕ್ಷರದ ವಿಳಾಸವಷ್ಟೇ; ಅಕಾರಾದಿಗೆ ಭಾಷೆವಾರು ನಿಯಮಗಳನ್ನು ಯುನಿಕೋಡ್ ಬೇರೆಯಾಗಿಯೇ ಕೊಟ್ಟಿದೆ. ಅವನ್ನು ಬಳಸದಿರುವುದು ತಂತ್ರಾಂಶ ಬರೆಯುವವರ ಸೋಮಾರಿತನ.

ಕನ್ನಡದಲ್ಲಿ ಸರಿ ಬರಲ್ಲ ಅಂತ ಹಾಜರಿ ಪಟ್ಟಿಯನ್ನೇ ಇಂಗ್ಲಿಷಿಗೆ ತಿರುಗಿಸುವುದುಂಟು. ಅಲ್ಲಿ ಲ, ಳ ಎರಡಕ್ಕೂ ಒಂದೇ ಎಲ್. ಕಾಳಪ್ಪ ಕಾಲಪ್ಪ ಆಗುತ್ತಾನೆ. ಗಡಿಯ ಶಾಲೆಯಲ್ಲಿ ಮಗುವಿನ ಹೆಸರು ಕನ್ನಡದಲ್ಲಿ ಉಳಿದಿರುವ ಜಾಗಗಳೇ ಕಡಿಮೆ, ಹಾಜರಿ ಪುಸ್ತಕ ಅದರಲ್ಲೊಂದು.

ಮುಂದಿನ ಸಲ ಹೊಸ ತಂತ್ರಾಂಶ ಬಂದಾಗ ಕಾವೇರಿ, ಕಾಳಪ್ಪ ಎರಡೇ ಹೆಸರು ಹಾಕಿ ನೋಡಿ, ಮಕ್ಕಳ ಕೈಲೇ ಹಾಕಿಸಿ. ಕಾಳಪ್ಪ ಮೊದಲು ಬಂದರೆ ಸರಿಮಾಡಿ ಕೊಡಿ ಅಂತ ವಾಪಸು ಕಳಿಸಿ.